ಹೊಗೆಕೊಳವೆಯೊಳಗಿನ ಗೋಣಿಚೀಲ

ಇಚಲಕರಂಜಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯಲ್ಲಿ ಕಟ್ಟಿಗೆ ಒಲೆಯ ಹೊಗೆ ಹೊರಗೆ ಹೋಗುತ್ತಲೇ ಇರಲಿಲ್ಲ. ಹೆಂಡತಿ ಕೆಮ್ಮಿ ಕೆಮ್ಮಿ ಸೋತಳು. ಕೊನೆಗೆ, ಬೆಲ್ಲದ ಗಾಣಗಳ ಹೊಗೆಕೊಳವೆ ಸ್ವಚ್ಛ ಮಾಡುವ ಧೂಳಪ್ಪನನ್ನು ಕರೆಸಿದೆ. ಅವನು ಮಾಳಿಗೆ ಹತ್ತಿ, ನಮ್ಮ ಕೊಳವೆಯೊಳಗಿಂದ ಒಂದು ಗೋಣಿಚೀಲ ಎಳೆದು ತೆಗೆದ.

"ಯಾರೋ ಬೇಕಂತನ ತುರುಕ್ಯಾರ್ರೀ!" ಎಂದು ಕೂಗಿದ.

ಕೂಗು ಕೇಳಿ ಮನೆಯೊಡತಿ ಗಂಗಕ್ಕ ಬಂದರು. ಕೆಮ್ಮಿಗೆಂದು ನನ್ನ ಹೆಂಡತಿಗೆ ದಿನಾ ಕಷಾಯ ಕಾಸಿ ಕೊಡುತ್ತಿದ್ದವರು ಅವರೇ. ಚೀಲ ಕಂಡು ಅವರ ಮುಖ ಸಣ್ಣದಾಯಿತು.

"ನಾನೇ ತುರುಕಿದ್ದೆ ತಮ್ಮಾ. ಮಳಿ ನೀರು ಒಳಗ ಬರ್ತಿತ್ತು. ಆಮ್ಯಾಲ ಮರತಬಿಟ್ಟೆ."

ಹೆಂಡತಿ ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು, "ಇರಲಿ ಬಿಡ್ರಿ ಅಕ್ಕಾ. ಕಷಾಯ ಮಾತ್ರ ನಿಲ್ಲಸಬ್ಯಾಡ್ರಿ," ಅಂದಳು.

ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೊಗಿ ಕಣ್ಣಾಗ ಹೋತು ನೋಡವ್ವಾ," ಎಂದರು. ಕೆಲಸ ನಡೆದಿತ್ತಲ್ಲ, ಅವತ್ತು ನಾವು ಒಲೆಯನ್ನೇ ಹಚ್ಚಿರಲಿಲ್ಲ.