ನನ್ನ ಹೆಂಡತಿಯ ಸ್ವಂತ ಸಿಟ್ಟು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ನಾನು ಹೇಳುವ ಮೊದಲೇ ನಮ್ಮ ಬೀದಿಯವರು ಹೇಳಿಬಿಡುತ್ತಾರೆ. ಬೆನ್ನ ಹಿಂದೆ ನನ್ನ ಹೆಸರು ಸಿಡುಕು ಮಾಸ್ಟರು. ಮೂವತ್ತು ವರ್ಷದಿಂದ ಶರ್ಟು, ಪ್ಯಾಂಟು ಹೊಲಿಯುತ್ತಿದ್ದೇನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿಮೂರು ಮೆಟ್ಟಿಲು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತು, ಆಮೇಲೆ ಸೊಂಟ ಬಿಗಿಯಾಯಿತು ಎಂದು ಜಗಳಕ್ಕೆ ಬರುವವರನ್ನು ಕಂಡರೆ ಮೈ ಉರಿಯುತ್ತದೆ. ಚೆನ್ನಾಗಿ ಬೈದು ಕಳಿಸುತ್ತೇನೆ. ಅವರು ಮುಂದಿನ ಬಟ್ಟೆಯನ್ನೂ ನನ್ನ ಹತ್ತಿರವೇ ತರುತ್ತಾರೆ. ಕಾಲರನ್ನು ನನ್ನಷ್ಟು ನೆಟ್ಟಗೆ ಕೂರಿಸುವವರು ಇಲ್ಲಿ ಯಾರಿದ್ದಾರೆ?

ನನ್ನ ಹೆಂಡತಿಯೂ ದರ್ಜಿಯೇ. ಹೆಂಗಸರ ಮತ್ತು ಮಕ್ಕಳ ಬಟ್ಟೆ ಅವಳದು. ಅಂಗಡಿಯ ಎಡಗಡೆ ಅವಳ ಮಿಷನ್ನು, ಬಲಗಡೆ ನನ್ನದು. ಅವಳಿಗೆ ಬೈಪೋಲಾರ್ ಎಂಬ ಕಾಯಿಲೆ ಇದೆ. ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಡುವ ಕೆಲಸವನ್ನು ಒಂದಷ್ಟು ವರ್ಷ ಮಾಡಿ ಸಾಕಾಗಿದೆ.

ಮದುವೆಯಾದ ನಾಲ್ಕನೆಯ ವರ್ಷ ಅವಳ ಕೆಲಸ ಇದ್ದಕ್ಕಿದ್ದಂತೆ ಚುರುಕಾಯಿತು. ನಾನು ಒಂದು ತೋಳು ಹಚ್ಚುವಷ್ಟರಲ್ಲಿ ಅವಳದು ಒಂದು ಫ್ರಾಕೇ ಮುಗಿದಿರುತ್ತಿತ್ತು. ನಿದ್ದೆ ಬೇಡ, ಊಟ ಬೇಡ, ಬಾಯಿ ತುಂಬ ಮಾತು, ನಗು. ನಾನು ಎಂಥ ಮಂಕನೆಂದರೆ, ಪಕ್ಕದ ಚಪ್ಪಲಿ ಅಂಗಡಿಯವನ ಹತ್ತಿರ ಹೋಗಿ, "ಇಂಥ ಹೆಂಡ್ತಿ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಯ್ಯಾ" ಎಂದು ಜಂಬ ಕೊಚ್ಚಿಕೊಂಡೆ. ಮೂರನೆಯ ದಿನ ಅವಳು ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಅಳತೆ ತೆಗೆಯತೊಡಗಿದಳು. ಐದನೆಯ ದಿನ ನಾನು ಮಾರುಕಟ್ಟೆಯಿಂದ ಬಂದು ನೋಡಿದರೆ ಗಿರಾಕಿಗಳ ಹನ್ನೊಂದು ಪ್ಯಾಂಟು ಚೌಕ ಚೌಕ ತುಂಡಾಗಿ ನೆಲದ ಮೇಲೆ ಬಿದ್ದಿವೆ. ಇಡೀ ಬೀದಿಗೆ ಒಂದೇ ಹೊದಿಕೆ ಹೊಲಿಯುತ್ತಾಳಂತೆ, ಎಲ್ಲರೂ ಅದರ ಕೆಳಗೆ ಒಟ್ಟಿಗೆ ಮಲಗಬೇಕಂತೆ! ನಾನು ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು.

ಆಮೇಲೆ ಆ ನಗು ಹೋಯಿತು. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಳು. ತಲೆ ಬಾಚುವುದಿಲ್ಲ, ಕರೆದರೆ ಓಗೊಡುವುದಿಲ್ಲ. "ಎದ್ದು ನಾಲ್ಕು ಗುಂಡಿ ಹಚ್ಚು, ಎಲ್ಲಾ ತಾನಾಗೇ ಸರಿಹೋಗುತ್ತೆ" ಎಂದು ದಿನಾ ಬೆಳಿಗ್ಗೆ ಅವಳ ತಲೆಯ ಹತ್ತಿರ ನಿಂತು ಗದರುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಕೊನೆಗೆ ನನ್ನ ಅಕ್ಕ ಬಂದು, ನನಗೆ ಎರಡು ಬಿಗಿದು, ಇಬ್ಬರನ್ನೂ ಮನೋವೈದ್ಯರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಸಣ್ಣ ಆಳು. ದನಿಯೂ ಸಣ್ಣದು. ಆದರೆ ಆಡಿದ ಮಾತು ಚುರುಕು. "ಇವರ ಮನಸ್ಸು ಒಂದೊಂದ್ಸಲ ಮಿತಿಮೀರಿ ಏರುತ್ತೆ, ಒಂದೊಂದ್ಸಲ ಪಾತಾಳಕ್ಕೆ ಇಳಿಯುತ್ತೆ. ಇದು ಕೊಬ್ಬಲ್ಲ, ಸೋಮಾರಿತನ ಅಲ್ಲ, ನೀವು ಬೈದ್ರೆ ಹೋಗೋದೂ ಅಲ್ಲ. ಮಾತ್ರೆ ಬೇಕು, ಹೊತ್ತಿಗೆ ಸರಿಯಾಗಿ ನಿದ್ದೆ ಬೇಕು, ಪಕ್ಕದಲ್ಲಿ ಒಬ್ರು ಬೇಕು" ಎಂದರು. ಬೈಯುವ ಮಾತು ಬಂದಾಗ ಅವರು ನನ್ನನ್ನು ನೋಡಿದರು. ನಾನು ಬಾಗಿಲು ನೋಡಿದೆ.

ಸರಿಯಾದ ಮಾತ್ರೆ ಕೂಡಿಬರುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ನಡುವೆ ಮತ್ತೆರಡು ಸಲ ಏರಿದಳು, ಇಳಿದಳು. ಬರಬರುತ್ತಾ ಕಾಯಿಲೆ ತಹಬಂದಿಗೆ ಬಂತು. ನಾನು ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಇರುವ ಜಾತಿಯವನೇ ನಾನು? ಹೆಂಡತಿಯ ಕಾವಲುಗಾರನಾದೆ. ಅವಳು ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದಳು, ಎಷ್ಟು ಸಲ ನಕ್ಕಳು, ಯಾವ ಬಣ್ಣದ ಬಟ್ಟೆ ಉಟ್ಟಳು, ಎಲ್ಲದಕ್ಕೂ ಮೈಯೆಲ್ಲ ಕಣ್ಣಾಗಿ ಕೂತಿರುತ್ತಿದ್ದೆ. ಇದೂ ಸಾಲದು ಎಂದು ದರ್ಜಿಯ ಬುದ್ಧಿ ಓಡಿಸಿ ಸ್ವಂತದ್ದೊಂದು ಪರೀಕ್ಷೆ ಕಂಡುಹಿಡಿದಿದ್ದೆ. ಮೊದಲ ಸಲ ಅವಳು ಏರಿದಾಗ, ಬೇಗ ಮುಗಿಯಲಿ ಎಂದು ಮಿಷನ್ನಿನ ಡಯಲ್ ತಿರುಗಿಸಿ ಉದ್ದುದ್ದ ಹೊಲಿಗೆ ಹಾಕಿದ್ದಳು. ಅದು ನನ್ನ ತಲೆಯಲ್ಲಿ ಅಚ್ಚೊತ್ತಿ ಕೂತಿತ್ತು. ಅಂದಿನಿಂದ ಅವಳು ಮೇಲೆ ಮನೆಗೆ ಹೋದಾಗಲೆಲ್ಲ ಕಳ್ಳನ ಹಾಗೆ ಎಡಗಡೆಗೆ ಬಂದು ಹೊಲಿಗೆಯ ಉದ್ದ ನೋಡುತ್ತಿದ್ದೆ. ಚಿಕ್ಕದಾಗಿ, ಒತ್ತಾಗಿ ಇದ್ದರೆ ನನಗೆ ಅಂದಿನ ಊಟ ರುಚಿಸುತ್ತಿತ್ತು. ಡಾಕ್ಟರಮ್ಮನಿಗೇ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂಬ ಜಂಬ ಬೇರೆ!

ನಾಲ್ಕು ವರ್ಷ ಹೀಗೇ ಚೆನ್ನಾಗಿ ನಡೆಯಿತು. ಹೋದ ವರ್ಷ ಹತ್ತಿರದ ಶಾಲೆಯ ಡ್ಯಾನ್ಸ್ ಟೀಚರ್ ಬಂದು ನನ್ನ ಹೆಂಡತಿಗೆ ಮೂವತ್ತೆರಡು ಫ್ರಾಕು ಹೊಲಿದುಕೊಡಲು ಕೇಳಿದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಕುಣಿತಕ್ಕೆ. ಒಂದೊಂದಕ್ಕೂ ಮೂರು ಸಾಲು ಫ್ರಿಲ್ಲು. ಕಾಯಿಲೆ ಬಿದ್ದ ಮೇಲೆ ಅವಳು ಇಷ್ಟು ದೊಡ್ಡ ಕೆಲಸವನ್ನು ಒಬ್ಬಳೇ ಒಪ್ಪಿಕೊಂಡದ್ದು ಇದೇ ಮೊದಲು.

"ರೀ, ನಾನು ಮಾಡ್ತೀನಿ. ನೀವು ಕೈ ಹಾಕೋದು ಬೇಡ" ಎಂದಳು.

"ಮಾಡು, ಯಾರು ಬೇಡ ಅಂದ್ರು" ಎಂದೆ. ಹೇಳುವಾಗಲೇ ಕಣ್ಣು ಅವಳ ಮಿಷನ್ನಿನ ಡಯಲ್ ಕಡೆ ಹೋಗಿತ್ತು.

ಅವಳು ಐದು ಗಂಟೆಗೇ ಏಳತೊಡಗಿದಳು. ಕತ್ತರಿಸುವಾಗ ಏನೋ ಗುನುಗುತ್ತಿದ್ದಳು. ಗಿರಾಕಿಗಳ ಜೊತೆ ತಮಾಷೆ ಮಾಡುತ್ತಿದ್ದಳು. ಒಮ್ಮೆ ನನ್ನ ಬೋಳುತಲೆಗೆ ಅಳತೆಯ ಟೇಪು ಸುತ್ತಿ, "ಇದಕ್ಕೂ ಒಂದು ಫ್ರಿಲ್ ಹಚ್ಲಾ?" ಎಂದಳು. ಬೇರೆ ಗಂಡನಾಗಿದ್ದರೆ ನಗುತ್ತಿದ್ದ. ನಾನು ಅವಳು ಎಷ್ಟು ಹೊತ್ತು ನಗುತ್ತಾಳೆಂದು ಗೋಡೆ ಗಡಿಯಾರ ನೋಡಿದೆ.

ಮೂರನೆಯ ದಿನ ಮಧ್ಯಾಹ್ನ ಅವಳು ಲೇಸು ತರಲು ಹೋಗಿದ್ದಳು. ನಾನು ಎಡಗಡೆಗೆ ಹೋದೆ. ಡಯಲ್ ಐದರ ಮೇಲೆ ನಿಂತಿದೆ! ಪಟ್ಟಿ ಪಟ್ಟಿ ಬಟ್ಟೆಯ ಮೇಲೆ ಉದ್ದುದ್ದ, ಸಡಿಲ ಹೊಲಿಗೆ, ಅದೂ ಒಂದರ ಪಕ್ಕ ಒಂದರಂತೆ ಎರಡೆರಡು ಸಾಲು. ದಾರದ ತುದಿಗಳು ಜೋತುಬಿದ್ದಿವೆ. ಮುಗಿಯಿತು, ಬಂತು, ಮತ್ತೆ ಬಂತು ಎಂದುಕೊಂಡೆ. ಹನ್ನೊಂದು ಪ್ಯಾಂಟು ಕಣ್ಣೆದುರು ಬಂದವು, ಗೋಡೆಯ ಕಡೆ ತಿರುಗಿದ ಆ ಬೆನ್ನು ಕಣ್ಣೆದುರು ಬಂತು.

ಅವಳು ಬರುವವರೆಗೆ ಕಾಯಬೇಕಿತ್ತು. ಕೇಳಬೇಕಿತ್ತು. ನಾನು ಮಾಡಿದ್ದೇನು? ಆ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ, ಅಂಗಡಿಗೆ ಬೀಗ ಹಾಕಿ, ಶಾಲೆಗೆ ಹೋಗಿ ಟೀಚರಿಗೆ ಕೊಟ್ಟು, "ಮನೆಯವಳಿಗೆ ಹುಷಾರಿಲ್ಲ, ಬೇರೆ ಕಡೆ ಹೊಲಿಸ್ಕೊಳ್ಳಿ" ಎಂದುಬಿಟ್ಟೆ. ವಾಪಸ್ಸು ಬಂದು ದೊಡ್ಡ ಕತ್ತರಿಯನ್ನು ಅಟ್ಟದ ಮೇಲಿಟ್ಟೆ. ಡಾಕ್ಟರಮ್ಮನಿಗೆ ಫೋನು ಮಾಡಿ ಮಾರನೆಯ ದಿನ ಬರುತ್ತೇವೆಂದೆ.

ಅವಳು ಲೇಸಿನ ಉರುಳೆಗಳನ್ನು ಎದೆಗವಚಿಕೊಂಡು ಬಂದಳು. ಖಾಲಿ ಮೇಜು ನೋಡಿ ನಿಂತಳು. ನಾನು ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದೆ: "ನೋಡು, ನಿನಗೆ ಮತ್ತೆ ಶುರುವಾಗಿದೆ. ನಿನಗೇ ಗೊತ್ತಾಗ್ತಿಲ್ಲ. ಹೊಲಿಗೆ ನೋಡಿದೆ ನಾನು."

"ಯಾವ ಹೊಲಿಗೆ?"

ಗಂಟು ಕಟ್ಟುವಾಗ ಒಂದು ಪಟ್ಟಿ ಮಿಷನ್ನಿನ ಹಿಂದೆ ಉಳಿದುಹೋಗಿತ್ತು. ಎತ್ತಿ ತೋರಿಸಿದೆ. ಅವಳು ಅದನ್ನು ಕಸಿದುಕೊಂಡು, ಜೋತುಬಿದ್ದ ಎರಡು ದಾರ ಹಿಡಿದು ಎಳೆದಳು. ಬಟ್ಟೆ ಸರ್ರನೆ ಸರಿದು ನೆರಿಗೆ ನೆರಿಗೆಯಾಗಿ ಕೂಡಿಕೊಂಡಿತು.

"ಫ್ರಿಲ್ಲು ಹೀಗೇ ಹೊಲಿಯೋದು ಮಾಸ್ಟ್ರೇ" ಎಂದಳು. "ಉದ್ದ ಹೊಲಿಗೆ ಹಾಕಿ ಎಳೀಬೇಕು. ಚಿಕ್ಕದು ಹಾಕಿದ್ರೆ ದಾರ ಸರಿಯುತ್ತಾ?"

ಕೆಲಸ ಕಲಿಯುವಾಗ ನನಗೂ ಇದನ್ನು ಹೇಳಿಕೊಟ್ಟಿದ್ದರು. ಮೂವತ್ತು ವರ್ಷ ಶರ್ಟು ಪ್ಯಾಂಟು ಬಿಟ್ಟು ಬೇರೇನೂ ಮುಟ್ಟದೆ ಮರೆತಿದ್ದೆ. ನೆನಪಿದ್ದ ಚೂರುಪಾರನ್ನು ಆ ಮಧ್ಯಾಹ್ನ ಭಯ ತಿಂದುಹಾಕಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಕೂಗಾಡಬೇಡ, ಸಮಾಧಾನ ಮಾಡ್ಕೋ" ಎಂದೆ. ಅವಳಿನ್ನೂ ಕೂಗಾಡಿಯೇ ಇರಲಿಲ್ಲ.

ಆಗ ಕೂಗಿದಳು. "ನಕ್ಕರೆ ಕಾಯಿಲೆ. ಅತ್ತರೆ ಕಾಯಿಲೆ. ಬೇಗ ಎದ್ದರೆ ಕಾಯಿಲೆ. ಈಗ ಸಿಟ್ಟು ಬಂದಿದೆಯಲ್ಲಾ, ಇದೂ ಕಾಯಿಲೇನಾ? ನೀವು ಮೂವತ್ತು ವರ್ಷದಿಂದ ಊರಿಗೆಲ್ಲ ಬೈತಾ ಕೂತಿದೀರಿ, ನಿಮಗೆ ಯಾರಾದ್ರೂ ಮಾತ್ರೆ ಕೊಟ್ರಾ? ನನಗೆ ಅಂತ ಒಂದು ಸ್ವಂತ ಸಿಟ್ಟಾದ್ರೂ ಬಿಟ್ಟುಕೊಡ್ರೀ!" ಆಮೇಲೆ ದನಿ ತಗ್ಗಿಸಿ, "ಇನ್ಮೇಲೆ ನನ್ನ ಒಳಗಿನದು ನಿಮಗೆ ಏನೂ ಹೇಳಲ್ಲ" ಎಂದು ಹದಿಮೂರು ಮೆಟ್ಟಿಲು ಹತ್ತಿ ಹೋದಳು.

ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ನಾನೊಬ್ಬನೇ ಹೋದೆ. ಎಲ್ಲ ಕೇಳಿಸಿಕೊಂಡು ಅವರು, "ಅವರನ್ನ ಒಂದು ಮಾತು ಕೇಳಿದ್ರಾ?" ಎಂದರು. ಇಲ್ಲ ಎಂದೆ. "ನೀವು ಹೊರಗಿಂದ ನೋಡ್ತೀರಿ. ಒಳಗೆ ಏನಾಗ್ತಿದೆ ಅಂತ ಮೊದಲು ಗೊತ್ತಾಗೋದು ಅವರಿಗೆ. ಇಷ್ಟು ದಿನ ನಿಮಗೆ ಹೇಳ್ತಿದ್ರು. ಈಗ ಹೇಳೋದು ನಿಲ್ಲಿಸಿದ್ರೆ, ನಿಜವಾಗಿ ಬಂದ ದಿನ ನಿಮಗೆ ತಿಳಿಯೋ ಹೊತ್ತಿಗೆ ತಡವಾಗಿರುತ್ತೆ. ನನಗೆ ಭಯ ಇರೋದು ಅದರದ್ದೇ."

ನನಗೂ ಅವತ್ತಿನಿಂದ ಅದೊಂದೇ ಭಯ.

ಅಲ್ಲಿಂದ ನೇರವಾಗಿ ಶಾಲೆಗೆ ಹೋದೆ. "ಟೀಚರ್, ಅವಳು ಹುಷಾರಾಗೇ ಇದಾಳೆ. ಹುಷಾರಿಲ್ಲದೆ ಇದ್ದಿದ್ದು ನನಗೆ" ಎಂದೆ. ಬಟ್ಟೆಯ ಗಂಟು ಇನ್ನೂ ಅವರ ಮೇಜಿನ ಕೆಳಗೇ ಇತ್ತು. ಆದರೆ ಅವರು ಕೊಡಲಿಲ್ಲ. "ನಿನ್ನೆ ಒಂದು ಹೇಳಿದ್ರಿ, ಇವತ್ತೊಂದು ಹೇಳ್ತೀರಿ. ಅವರೇ ಬಂದು ಹೇಳಲಿ" ಎಂದರು. ಸರಿಯಾದ ಮಾತು.

ಮನೆಗೆ ಹೋಗಿ, ಅಟ್ಟದಿಂದ ಕತ್ತರಿ ಇಳಿಸಿ ಅವಳ ಮುಂದಿಟ್ಟು, "ತಪ್ಪಾಯ್ತು" ಎಂದೆ. ಮೂವತ್ತು ವರ್ಷದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದನ್ನು ಯಾವ ಗಿರಾಕಿಯೂ ಕೇಳಿಲ್ಲ. ಟೀಚರ್ ಹೇಳಿದ್ದನ್ನೂ ತಿಳಿಸಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೊರಟಳು.

ಟೀಚರ್ ಎದುರು ಕೂತು ಅವಳೇ ಹೇಳಿದಳು: "ನನಗೆ ಬೈಪೋಲಾರ್ ಅಂತ ಕಾಯಿಲೆ ಇದೆ. ದಿನಾ ಮಾತ್ರೆ ತಗೋತೀನಿ. ಈಗ ಚೆನ್ನಾಗಿದೀನಿ. ಒಂದ್ವೇಳೆ ಆಗಲ್ಲ ಅನ್ನಿಸಿದ್ರೆ ನಾನೇ ಬಂದು ಹೇಳ್ತೀನಿ, ಇವರಲ್ಲ." ಟೀಚರ್ ಒಂದು ಗಳಿಗೆ ಅವಳ ಮುಖ ನೋಡಿ, "ನನಗೆ ಹದಿನೆಂಟನೇ ತಾರೀಖಿಗೆ ಬೇಕಮ್ಮಾ, ಒಂದು ದಿನ ಆಚೀಚೆ ಆಗ್ಬಾರದು" ಎಂದರು. ಅಷ್ಟೇ. ನಾನು ಇಷ್ಟು ವರ್ಷ ಮುಚ್ಚಿಟ್ಟದ್ದು ಇಷ್ಟಕ್ಕೇ ಏನು!

ಒಂದೂವರೆ ದಿನ ಹಾಳಾಗಿತ್ತು. ನನ್ನ ಗಿರಾಕಿಗಳಿಗೆ ಒಂದು ವಾರ ಬಿಟ್ಟು ಬನ್ನಿ ಎಂದು ಹೇಳಿ ನಾನು ಅವಳ ಕೈಕೆಳಗೆ ಕೂತೆ. ಫ್ರಿಲ್ಲು ಎಳೆದೆ. ಮೊದಲನೆಯದನ್ನು ನೋಡಿ, "ಇದೇನು ಫ್ರಿಲ್ಲೋ ಪ್ಯಾಂಟಿನ ಸೊಂಟದ ಪಟ್ಟಿಯೋ? ಬಿಚ್ಚಿ" ಎಂದಳು. ಬಿಚ್ಚಿದೆ. ಎರಡನೆಯದನ್ನೂ ಬಿಚ್ಚಿಸಿದಳು. ಬಾಯಿ ಮುಚ್ಚಿಕೊಂಡು ಬಿಚ್ಚುತ್ತಾ ಕೂತ ನನ್ನನ್ನು ನೋಡಲು ಚಪ್ಪಲಿ ಅಂಗಡಿಯವನು ದಿನಕ್ಕೆ ನಾಲ್ಕು ಸಲ ಬರುತ್ತಿದ್ದ. ಹದಿನೇಳಕ್ಕೇ ಮೂವತ್ತೆರಡೂ ಮುಗಿದವು. ಮಕ್ಕಳು ಗಿರ್ರನೆ ತಿರುಗಿದಾಗ ಮೂರು ಸಾಲೂ ಅರಳುವುದನ್ನು ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆವು. ಅವಳು ನಕ್ಕಳು. ಈ ಸಲ ನಾನೂ ನಕ್ಕೆ.

ಜೀವನ ಮತ್ತೆ ಹಳಿಗೆ ಬಂತು. ಜೊತೆಗೆ ಊಟ, ಜೊತೆಗೆ ಕೆಲಸ, ಸಂಜೆ ಒಂದು ಸುತ್ತು ನಡಿಗೆ. ನಾನು ಹೊಲಿಗೆ ನೋಡುವುದನ್ನು ಬಿಟ್ಟೆ. ಕೇಳುವುದನ್ನು ಕಲಿತೆ. "ಹೇಗಿದೀಯೆ?" ಎಂದು ಕೇಳುತ್ತಿದ್ದೆ. "ಚೆನ್ನಾಗಿದೀನಿ" ಎನ್ನುತ್ತಿದ್ದಳು. ಮೊದಲಾದರೆ ಹಾಗಲ್ಲ, ಇವತ್ತು ಮನಸ್ಸು ಭಾರ, ಇವತ್ತು ತಲೆಯೊಳಗೆ ಗಲಾಟೆ ಎಂದು ತಾನಾಗಿಯೇ ಹೇಳಿಕೊಳ್ಳುತ್ತಿದ್ದಳು. ಈಗ ಅದೊಂದೇ ಮಾತು, ಏಳು ತಿಂಗಳು. ನಾನು ಮರುಪ್ರಶ್ನೆ ಹಾಕುತ್ತಿರಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ. ನನ್ನಂಥವನಿಗೆ ಅದು ಎಷ್ಟು ಕಷ್ಟ ಎಂದು ನನ್ನ ಗಿರಾಕಿಗಳನ್ನು ಕೇಳಿ ನೋಡಿ.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಅವಳು ಮೆಟ್ಟಿಲಿಳಿದು ಬಂದು ನನ್ನ ಪಕ್ಕ ನಿಂತಳು.

"ರೀ, ಮೂರು ದಿನದಿಂದ ನಿದ್ದೆ ಸರಿಯಾಗಿ ಬರ್ತಿಲ್ಲ. ಸುಮ್ನೆ ಕಣ್ಣು ಮುಚ್ಚಿ ಮಲಗಿರ್ತೀನಿ. ತಲೆ ಓಡ್ತಾನೇ ಇದೆ. ಏನು ಬೇಕಾದ್ರೂ ಮಾಡ್ಬಲ್ಲೆ ಅನ್ನಿಸ್ತಿದೆ, ಅದಕ್ಕೇ ಭಯ ಆಗ್ತಿದೆ" ಎಂದಳು.

ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ ನನಗೆ ಅದರ ಸುಳಿವೂ ಇರಲಿಲ್ಲ. ನಗು, ಮಾತು, ಕೆಲಸ, ಯಾವುದರಲ್ಲೂ ಏನೂ ಕಂಡಿರಲಿಲ್ಲ.

"ಏನ್ ಮಾಡೋಣ, ನೀನೇ ಹೇಳು" ಎಂದೆ.

"ಇವತ್ತೇ ಡಾಕ್ಟರಮ್ಮನ ಹತ್ರ ಹೋಗೋಣ. ನೀವು ಬನ್ನಿ, ಆದ್ರೆ ಮಾತು ನಾನಾಡ್ತೀನಿ."

ಅರ್ಧ ಎತ್ತಿದ್ದ ಶಟರನ್ನು ಕೆಳಗೆಳೆದು ಬೀಗ ಹಾಕಿದೆ. ಹೆಂಡತಿ ನಿದ್ದೆಯಿಲ್ಲ ಎನ್ನುತ್ತಿದ್ದಾಳೆ, ನನಗೋ ಬೀದಿಯಲ್ಲೇ ಕುಣಿಯುವಷ್ಟು ಸಂತೋಷ! ಎಷ್ಟು ತಡೆದರೂ ಮುಖ ಅರಳಿಬಿಟ್ಟಿರಬೇಕು.

"ಯಾಕ್ರೀ ಹಲ್ಲು ಕಿರೀತಿದೀರಾ?" ಎಂದು ಸಿಡುಕಿದಳು.

"ನೀನು ಹೇಳಿದೆಯಲ್ಲಾ" ಎಂದೆ. "ನೀನಾಗೇ ಬಂದು ಹೇಳಿದೆಯಲ್ಲಾ."