ನೂರಕ್ಕೊಂದು ಕೊಸರು

ಚಿಕ್ಕಬಳ್ಳಾಪುರದ ಮಂಡಿಕಲ್ ಹೋಬಳಿಯಲ್ಲಿ ಮಿಲಿಟರಿ ಆವಲಪ್ಪ ಎಂದರೆ ಗೊತ್ತಿಲ್ಲದವರಿಲ್ಲ. ಆದರೆ ಅವನು ಒಂದು ದಿನವೂ ಸೈನ್ಯದಲ್ಲಿ ಇದ್ದವನಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಭರ್ತಿಗೆ ಹೋಗಿ, ಎತ್ತರ ಅಳೆಯುವ ಕಂಬದ ಕೆಳಗೆ ಎರಡು ಸಲ ನಿಂತು, ಅರ್ಧ ಅಂಗುಲ ಸಾಲದೆ ವಾಪಸು ಬಂದವನು. ಆ ಹೆಸರು ಅಂಟಿಕೊಂಡದ್ದು ಆಮೇಲೆ, ಸೈನ್ಯದವರು ಬಳಸಿ ಬಿಟ್ಟ ಸಾಮಾನನ್ನು ಹರಾಜಿನಲ್ಲಿ ಹಿಡಿದು ತಂದು ಸಂತೆಗಳಲ್ಲಿ ಮಾರಲು ಶುರುಮಾಡಿದ ಮೇಲೆ. ಶಿಡ್ಲಘಟ್ಟದ ರೇಷ್ಮೆಯವರು ಅವನು ಕೊಟ್ಟ ಟಾರ್ಪಾಲನ್ನು ಹುಳುಮನೆಯ ಮುಂದೆ ಇಳಿಬಿಡುತ್ತಾರೆ. ಚಿಂತಾಮಣಿಯ ಟೊಮೆಟೊ ತೋಟಗಳಲ್ಲಿ ಅವನು ಮಾರಿದ ಬೂಟು ಹಾಕಿಕೊಂಡು ಔಷಧಿ ಹೊಡೆಯುತ್ತಾರೆ. ಗೌರಿಬಿದನೂರಿನ ಕಡೆ ಮೆಕ್ಕೆಜೋಳದ ಯಂತ್ರಗಳ ಪಕ್ಕ ಡೀಸೆಲ್ ತುಂಬಿಕೊಂಡು ನಿಂತಿರುವ ಹಸಿರು ಕಬ್ಬಿಣದ ಕ್ಯಾನುಗಳಲ್ಲಿ ಅರ್ಧಕ್ಕರ್ಧ ಅವನ ಕೈಯಿಂದ ಹೋದವು.

ಈ ವ್ಯಾಪಾರಕ್ಕೆಲ್ಲ ಬುಡ ಒಂದು ಕಾರ್ಡು. ಅಂಗೈಯಗಲದ್ದು, ಮೇಲೆ ಫೋಟೊ, ಸೇನಾ ನೆಲೆಯ ಮೊಹರು. ಈಗ ಹರಾಜು ಕೂಗುವುದು ಫೋನಿನಲ್ಲಿ. ಅದನ್ನು ಅವನ ಮಗಳು ಭಾನುಪ್ರಿಯಾ ನೋಡಿಕೊಳ್ಳುತ್ತಾಳೆ. ಆದರೆ ಸಾಮಾನು ಎತ್ತಿಕೊಂಡು ಬರಲು ನೆಲೆಯ ಒಳಗೆ ಕಾಲಿಡಬೇಕೆಂದರೆ ಆ ಕಾರ್ಡೇ ಬೇಕು. ಇಪ್ಪತ್ತೆರಡು ವರ್ಷಗಳಿಂದ ಆವಲಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಸ್ನಾನಕ್ಕೆ ಹೋಗುವಾಗ ಮಾತ್ರ ದೇವರ ಗೂಡಿನಲ್ಲಿ ಇಡುತ್ತಿದ್ದ.

ಹೋದ ಮಾರ್ಚಿನಲ್ಲಿ ಅವನಿಗೆ ಹರಾಜಿನಲ್ಲಿ ನಾನೂರು ಕ್ಯಾನುಗಳು ಬಂದವು. ಒಂದಿಷ್ಟು ಟಾರ್ಪಾಲೂ ಜೊತೆಗಿತ್ತು. ಲಾರಿ ಮೋಹನ್‌ಬಾಬುವಿನದು. ಯಾವಾಗಲೂ ಹತ್ತಿಸಿ ಇಳಿಸುತ್ತಿದ್ದವನಿಗೆ ಜ್ವರ ಬಂದದ್ದರಿಂದ, ಚಿಂತಾಮಣಿ ಮಂಡಿಯ ಹಮಾಲಿ ಗಂಗರಾಜುವನ್ನು ಕರೆದುಕೊಂಡು ಹೋದರು. ಗಂಗರಾಜು ನಲವತ್ತು ವರ್ಷ ಹುಣಿಸೆಹಣ್ಣು, ತೆಂಗಿನಕಾಯಿ, ಮಾವಿನಕಾಯಿ ಎಣಿಸಿದವನು. ಅವನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಆಮೇಲೆ ಎರಡು, ಮೂರು. ನೂರು ಮುಟ್ಟಿದ ಕೂಡಲೇ ಕೊಸರು ಎಂದು ಇನ್ನೊಂದನ್ನು ಎತ್ತಿ ಹಾಕುತ್ತಾನೆ. ಅದು ಲೆಕ್ಕಕ್ಕೆ ಸೇರುವುದಿಲ್ಲ. ಕೊಸರಿಲ್ಲದೆ ಮಂಡಿಯಿಂದ ಒಂದು ಗಾಡಿಯೂ ಹೊರಟದ್ದನ್ನು ಅವನು ಕಂಡಿಲ್ಲ.

ನೆಲೆಯ ಉಗ್ರಾಣದ ಮುಂದೆಯೂ ಅವನು ಹಾಗೆಯೇ ಎಣಿಸಿದ. ಪಕ್ಕದಲ್ಲಿ ನಿಂತು ಗೀಟು ಹಾಕುತ್ತಿದ್ದ ಸಿಪಾಯಿಗೆ ಕನ್ನಡ ಬಾರದು. ಗಂಗರಾಜು ನೂರು ಎಂದು ಕೈ ಎತ್ತಿ ತೋರಿಸಿದಾಗ ಅವನು ತಲೆ ಬಗ್ಗಿಸಿ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಕೊಸರು ಲಾರಿಯಲ್ಲಿರುತ್ತಿತ್ತು. ನಾಲ್ಕು ನೂರಕ್ಕೆ ನಾಲ್ಕು.

ಆ ನೆಲೆಗೆ ಒಂದರ ಹಿಂದೆ ಒಂದು ಎರಡು ಗೇಟು. ಒಳಗೇಟಿನಲ್ಲಿ ಮೊಹರು ಹಾಕಿ, ಹಿಂದಿನಿಂದ ಸರಪಳಿ ಬಿಗಿಯುತ್ತಾರೆ. ಹೊರಗೇಟಿನಲ್ಲಿ ಸಾಮಾನನ್ನು ಮತ್ತೆ ಎಣಿಸಿ ಬಿಡುತ್ತಾರೆ. ನಡುವೆ ಲಾರಿಯಷ್ಟೇ ಅಗಲದ ದಾರಿ, ಎರಡು ಕಡೆಯೂ ಎತ್ತರದ ಗೋಡೆ. ಹೊರಗೇಟಿನವರು ಸಾಲು ಹಿಡಿದು ಎಣಿಸಿದರು. ನಾನೂರ ನಾಲ್ಕು. ಮತ್ತೆ ಎಣಿಸಿದರು. ನಾನೂರ ನಾಲ್ಕೇ.

ಹೆಚ್ಚಿರುವ ನಾಲ್ಕನ್ನು ಇಲ್ಲೇ ಇಳಿಸಿಬಿಡುತ್ತೇವೆ ಎಂದು ಆವಲಪ್ಪ ಕೈಮುಗಿದು ಕೇಳಿದ. ಹಾಗೆ ಇಳಿಸಲು ಬರುವುದಿಲ್ಲ ಎಂದರು. ಒಳಕ್ಕೆ ವಾಪಸು ಹೋಗುತ್ತೇವೆ ಎಂದ. ಹೊರಗೆ ಹೋಗುವ ಮೊಹರು ಬಿದ್ದ ಗಾಡಿಗೆ ಸಾಹೇಬರ ಅಪ್ಪಣೆಯಿಲ್ಲದೆ ಒಳಗೇಟು ತೆರೆಯುವುದಿಲ್ಲ ಎಂದರು. ಸಾಹೇಬರು ಎಲ್ಲೋ ಸಭೆಯಲ್ಲಿದ್ದರು. ಆಗ ಹನ್ನೆರಡೂವರೆ.

ಬಿಸಿಲು ನೆತ್ತಿಯ ಮೇಲೆ ನಿಂತಿತ್ತು. ಲಾರಿಯ ಬಾಗಿಲು ಗೋಡೆಗೆ ತಾಗಿ ಗೇಣಗಲ ಮಾತ್ರ ತೆರೆಯುತ್ತಿತ್ತು. ಇಳಿಯಬೇಕೆಂದರೆ ಮೈಯನ್ನು ಅಡ್ಡಡ್ಡ ಮಾಡಿ ಜಾರಬೇಕು. ಮೂತ್ರಕ್ಕೆ ಹೋಗಲೂ ಕಾವಲಿನವನನ್ನು ಕೇಳಿ, ಅವನನ್ನು ಹಿಂದಿಟ್ಟುಕೊಂಡು ಹೋಗಬೇಕು. ಫೋನುಗಳನ್ನೆಲ್ಲ ಬೆಳಿಗ್ಗೆಯೇ ಹೊರಗೇಟಿನ ಪೆಟ್ಟಿಗೆಗೆ ಹಾಕಿಸಿಕೊಂಡಿದ್ದರು. ಆ ಪೆಟ್ಟಿಗೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇತ್ತು. ಅದರೊಳಗೆ ಒಂದು ಫೋನು ಆಗಾಗ ಗುರುಗುಟ್ಟುತ್ತಿತ್ತು. ಭಾನುಪ್ರಿಯಾಳೇ ಇರಬೇಕು ಎಂದು ಆವಲಪ್ಪ ಅಂದುಕೊಂಡ.

ಮೋಹನ್‌ಬಾಬು ಸ್ಟೀರಿಂಗಿನ ಮೇಲೆ ಗಲ್ಲ ಊರಿಕೊಂಡಿದ್ದ. "ಭರ್ತಿ ಆಗ್ಲಿಲ್ಲ ಅಂತ ಕೊರಗ್ತಿದ್ದೆಯಲ್ಲಣ್ಣ, ನೋಡು, ಇವತ್ತು ಇಟ್ಕೊಂಡೇಬಿಟ್ರು," ಎಂದ. ಗಂಗರಾಜುವಿಗೆ ಏನು ತಪ್ಪಾಯಿತು ಎಂಬುದೇ ಇನ್ನೂ ಹೊಳೆದಿರಲಿಲ್ಲ. ಕಡಿಮೆ ಇದ್ದರೆ ಜಗಳ ಮಾಡಬೇಕು, ಜಾಸ್ತಿ ಇದ್ದರೆ ಇವರಿಗೇನು ಕಷ್ಟ ಎಂದು ಅವನು ಗೊಣಗುತ್ತಿದ್ದ.

ನಾಲ್ಕು ಗಂಟೆಗೆ ಸಾಹೇಬರ ಬದಲು ಸುಬೇದಾರರು ಬಂದರು. ಕಡಪದ ಕಡೆಯವರು, ನರೆತ ಮೀಸೆ. ಆವಲಪ್ಪನ ಮನೆಮಾತೂ ತೆಲುಗು. ಅದರಲ್ಲೇ ಅವನು ಎಲ್ಲವನ್ನೂ ಹೇಳಿದ. ಮಂಡಿಯ ಪದ್ಧತಿ, ನೂರಕ್ಕೊಂದು ಕೊಸರು, ಮುದುಕನ ಕೈ ತಾನಾಗಿಯೇ ಹೋಗುತ್ತದೆ ಎಂಬುದು. ಅವರು ಪೂರ್ತಿ ಕೇಳಿಸಿಕೊಂಡರು.

"ಕೊಸರು ನನಗೂ ಗೊತ್ತಯ್ಯ, ನಮ್ಮೂರಲ್ಲೂ ಹಾಕ್ತಾರೆ," ಎಂದರು. "ಆದ್ರೆ ಅದು ಕೊಡೋನ ಕೈಯಿಂದ ಬರ್ಬೇಕು. ಇಲ್ಲಿ ಕೊಟ್ಟೋರು ಯಾರು?"

ಮಂಡಿಯಲ್ಲಿ ಹಮಾಲಿ ಎರಡು ಕಡೆಯವನೂ ಹೌದು. ಮಾರುವವನು ಎದುರಿಗೆ ನಿಂತು ನೋಡುತ್ತಿರುತ್ತಾನೆ. ಇಲ್ಲಿ ಹಮಾಲಿ ಆವಲಪ್ಪನ ಕಡೆಯವನು, ಕೊಸರೂ ಅವನ ಕಡೆಗೇ ಬಿದ್ದಿತ್ತು.

ಸುಬೇದಾರರು ಒಂದು ಬಿಳಿ ಹಾಳೆ ಕೊಟ್ಟರು. ಹೇಗೆ ಹೆಚ್ಚಾಯಿತು, ಯಾರಿಂದ ಆಯಿತು ಎಂದು ಬರೆದು ಸಹಿ ಹಾಕಿದರೆ ಗೇಟು ತೆರೆಯುತ್ತದೆ. ಕೂಲಿಯವನು ಎಂದು ಬರೆದರೆ ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ, ಉಳಿದಿಬ್ಬರು ಹೋಗಬಹುದು. ಕಾರ್ಡಿನವನದೇ ತಪ್ಪು ಎಂದು ಬರೆದರೆ ಕಾರ್ಡು ಇಲ್ಲೇ ಉಳಿಯುತ್ತದೆ, ಇನ್ನು ಮುಂದೆ ಈ ಗೇಟಿನ ಒಳಗೆ ಅವನಿಗೆ ದಾರಿಯಿಲ್ಲ. ಗೊತ್ತಿಲ್ಲ ಎಂದು ಬರೆದರೆ ಮೂವರೂ ಇಲ್ಲೇ. ಇಷ್ಟನ್ನು ಅವರು ಕೋಪವಿಲ್ಲದೆ, ಬಸ್ಸಿನ ವೇಳೆ ಹೇಳಿದಂತೆ ಹೇಳಿದರು.

ಆವಲಪ್ಪ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತ. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಗಂಗರಾಜು ಎಂಬ ನಾಲ್ಕಕ್ಷರ ಬರೆಯಲು ಎಷ್ಟು ಹೊತ್ತು? ಹಾಕಿದ್ದು ಅವನೇ, ಸುಳ್ಳೇನಲ್ಲ. ಈ ಕಾರ್ಡಿಲ್ಲದಿದ್ದರೆ ತಾನು ಯಾರು? ಸಂತೆಯ ಮೂಲೆಯಲ್ಲಿ ಖಾಲಿ ಟಾರ್ಪಾಲು ಹಾಸಿಕೊಂಡು ಕೂತ ಮುದುಕ. ಬೇರೆ ಕೆಲಸ ಕಲಿಯುವ ವಯಸ್ಸೂ ದಾಟಿತ್ತು.

ಆದರೆ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. ಯಾಕೆಂದರೆ ಇನ್ನೊಂದು ಮಾತು ಅವನಿಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ಅವನು ಲಾರಿಯ ಇನ್ನೊಂದು ಬದಿಯಲ್ಲಿ ಟಾರ್ಪಾಲು ಮಡಿಸುತ್ತಿದ್ದ. ಮೊದಲನೆಯ ನೂರಕ್ಕೆ ಕೊಸರು ಎಂಬ ಕೂಗು ಅವನ ಕಿವಿಗೆ ಬಿತ್ತು. ಕೈ ತಡೆಯಿತು. ಇದು ಮಂಡಿಯಲ್ಲ ಎಂದು ಹೇಳಬೇಕು ಅನ್ನಿಸಿತು. ಇಣುಕಿದರೆ ಸಿಪಾಯಿ ಸುಮ್ಮನಿದ್ದದ್ದು ಕಂಡಿತು. ಹೊಟ್ಟೆಯೊಳಗೆ ಸಣ್ಣದೊಂದು ಖುಷಿ ಎದ್ದಿತು. ಅರ್ಧ ಅಂಗುಲಕ್ಕೆ ತನ್ನನ್ನು ಹಿಂದೆ ಕಳಿಸಿದವರು ಈಗ ಒಂದನ್ನು ಹೆಚ್ಚಿಗೆ ಕೊಡುತ್ತಿದ್ದಾರೆ ಎಂಬಂಥ ಖುಷಿ. ಅವನು ಮಡಿಸುವುದನ್ನು ಮುಂದುವರಿಸಿದ. ಆಮೇಲಿನ ಮೂರು ಕೂಗನ್ನೂ ಕೇಳಿಸಿಕೊಂಡ.

ಒಂದೊಂದೇ ಅಕ್ಷರ ಕೂಡಿಸಿ ಬರೆದ. ಎಣಿಸಿದವನಿಗೆ ಇಲ್ಲಿಯ ರೀತಿ ತಿಳಿಯದು. ನಾಲ್ಕು ಸಲವೂ ನಾನು ಕೇಳಿಸಿಕೊಂಡೆ, ನಿಲ್ಲಿಸಲಿಲ್ಲ, ತಪ್ಪು ನನ್ನದು. ಸಹಿ ಹಾಕಿ, ಒಳಜೇಬಿನಿಂದ ಕಾರ್ಡು ತೆಗೆದು ಹಾಳೆಯ ಮೇಲೆ ಇಟ್ಟು ಕೊಟ್ಟ. ಸುಬೇದಾರರು ಅವನಿಂದಲೇ ಅದನ್ನು ಓದಿಸಿಕೊಂಡರು, ತಲೆಯಾಡಿಸಿದರು, ಕಾರ್ಡಿನ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡರು. ನಾಲ್ಕು ಕ್ಯಾನುಗಳನ್ನು ಇಬ್ಬರು ಸಿಪಾಯಿಗಳು ಇಳಿಸಿಕೊಂಡರು.

ಆವಲಪ್ಪ ಜಾರಿಕೊಂಡು ಹತ್ತಿ ಇಬ್ಬರ ನಡುವೆ ಕೂತ. ಗಂಗರಾಜು ಅವನ ಕಡೆ ತಿರುಗದೆಯೇ ಕೇಳಿದ.

"ನನ್ನ ಹೆಸ್ರು ಬರೆದ್ಯೇನಪ್ಪ?"

"ಇಲ್ಲ."

"ಮತ್ತಿನ್ಯಾರ್ದು?"

"ಕೇಳಿಸ್ಕೊಂಡೋನ್ದು."

ನಾಲ್ಕು ಸಲವೂ ಕೇಳಿಸಿತೇ ಎಂದು ಗಂಗರಾಜು ವಿಚಾರಿಸಿದ. ಆವಲಪ್ಪ ಹೂಂ ಎಂದ.

"ಮೊದಲ್ನೇ ಸಲಾನೇ ಒಂದು ಮಾತು ಅಂದಿದ್ರೆ ಇಳಿಸ್ಬಿಡ್ತಿದ್ನಲ್ಲಪ್ಪ," ಎಂದ ಗಂಗರಾಜು. "ನಲವತ್ತು ವರ್ಷದಲ್ಲಿ ನಾನು ಹೊತ್ತಿದ್ದನ್ನ ಯಾರೂ ತಿರುಗಿ ಎಣಿಸಿರ್ಲಿಲ್ಲ."

ಹೊರಗೇಟು ತೆರೆಯಿತು. ಫೋನುಗಳನ್ನು ಈಸಿಕೊಂಡು ಲಾರಿ ಹೆದ್ದಾರಿಗೆ ಬಿತ್ತು. ಚಿಕ್ಕಬಳ್ಳಾಪುರಕ್ಕೆ ಇನ್ನೂ ಎರಡು ಗಂಟೆಯ ದಾರಿಯಿತ್ತು. ಕ್ಯಾಬಿನ್ನಿನಲ್ಲಿ ಜಾಗ ಇದ್ದದ್ದೇ ಇಬ್ಬರಿಗೆ. ಒಂದು ಕಡೆ ಗೇರು ಬದಲಿಸುವ ಮೋಹನ್‌ಬಾಬುವಿನ ಮೊಣಕೈ, ಇನ್ನೊಂದು ಕಡೆ ಕಿಟಕಿಯತ್ತ ಮುಖ ತಿರುಗಿಸಿಕೊಂಡ ಗಂಗರಾಜುವಿನ ಭುಜ. ಆವಲಪ್ಪ ಎಷ್ಟು ಮುದುರಿಕೊಂಡರೂ ಆ ಭುಜ ತಾಗುತ್ತಲೇ ಇತ್ತು.