ಸಡಿಲಿಸಿದ ನಟ್ಟು

ರಸ್ತೆಯಲ್ಲಿ ನಿಂತು ಜಾರುವ ಚಕ್ರದ ಹಲಗೆ, ಲಾಂಗ್‌ಬೋರ್ಡು. ಅದರಡಿ ಚಕ್ರಗಳನ್ನು ಹಿಡಿದಿಡುವ ‘ಟ್ರಕ್’ ಎಂಬ ಲೋಹದ ಭಾಗದ ನಟ್ಟನ್ನು ಮೇಲೆ ನಿಂತವರ ತೂಕಕ್ಕೆ ತಕ್ಕಂತೆ ಬಿಗಿ ಮಾಡಬೇಕು. ಹಗುರವಾದವರಿಗೆ ಸಡಿಲವಿರಬೇಕು, ಇಲ್ಲದಿದ್ದರೆ ಬೋರ್ಡು ತಿರುಗುವುದಿಲ್ಲ. ನನಗಿದನ್ನು ಕಲಿಸಿದವನು ಅಣ್ಣ.

ಕ್ಯಾನ್ಸರ್ ಬಂದ ಮೇಲೂ ಅವನು ಅಡ್ಡಗದ್ದೆ ರಸ್ತೆಯ ಇಳಿಜಾರನ್ನು ಬಿಡಲಿಲ್ಲ. “ಎಂತ ಮಾರಾಯ್ತಿ, ತಿರುಗೂದೇ ಇಲ್ಲ ಇದು! ನಟ್ ಬಿಗಿ ಮಾಡಿದ್ಯಾ?” ಎಂದು ನನ್ನ ಮೇಲೆ ರೇಗುತ್ತಿದ್ದ. ನಾನು ಮುಟ್ಟಿಯೇ ಇರಲಿಲ್ಲ. ಕರಗುತ್ತಿದ್ದುದು ಅವನ ಮೈ. “ಹೌದು ಮಾರಾಯ, ನಂದೇ ತಪ್ಪು” ಎಂದು ಸ್ಪ್ಯಾನರ್ ತಂದು ಸಡಿಲಿಸುತ್ತಿದ್ದೆ. ಮುಂದಿನ ಸಲ ಮತ್ತೆ ಅದೇ ಬೈಗುಳ, ಮತ್ತಷ್ಟು ಸಡಿಲ.

ಅವನು ತೀರಿಹೋದ ಮೇಲೆ ಮೊನ್ನೆ ಆ ಬೋರ್ಡಿನ ಮೇಲೆ ನಿಂತೆ. ನನ್ನ ಭಾರಕ್ಕೆ ಅದು ಓಲಾಡಿತು. “ಬಿಗಿ ಮಾಡೇ, ಬೀಳ್ತೀಯ” ಎನ್ನುತ್ತ ಅಪ್ಪ ಸ್ಪ್ಯಾನರ್ ಹಿಡಿದು ಬಗ್ಗಿದ. ಅಪ್ಪನಿಗೆ ಯಾವತ್ತೂ ಎದುರಾಡದವಳು ಕಿರುಚಿದೆ:

“ಮುಟ್ಬೇಡ ಅಪ್ಪಾ! ಅದು ಅಣ್ಣಂಗೆ ಸರಿಯಾಗಿದೆ.”